ಶೇಂಗಾ ಹೂರಣದ ಚಾಕೊಲೇಟ್

ಚಳ್ಳಕೆರೆಯಲ್ಲಿ ಬೆಳೆದವರಿಗೆ ಶೇಂಗಾ ಹಿಂಡಿಯ ವಾಸನೆ ಎಂಥದ್ದೆಂದು ಹೇಳಿಕೊಡಬೇಕಾಗಿಲ್ಲ. ಗಿರಣಿ ಮುಂದೆ ಹಾದು ಶಾಲೆಗೆ ಹೋಗಿ ಬಂದರೆ ಸಾಕು, ಅದು ಲಂಗದ ಅಂಚಿಗೆ ಅಂಟಿಕೊಂಡು ಮನೆಯೊಳಗೂ ಬರುತ್ತಿತ್ತು. ಸಾಲು ಸಾಲಾಗಿ ಎಣ್ಣೆ ಗಿರಣಿಗಳು ಓಡುತ್ತಿದ್ದ ಕಾಲದಲ್ಲಿ ನಮ್ಮೂರನ್ನು ಎರಡನೇ ಮುಂಬಯಿ ಎಂದು ಕರೆಯುತ್ತಿದ್ದರು. ಈಗ ಅಷ್ಟು ಗಿರಣಿಗಳಿಲ್ಲ. ಆದರೂ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಮಸಾರಿ ಹೊಲಗಳಲ್ಲಿ ಮುಂಗಾರಿಗೆ ಶೇಂಗಾ ಬಿತ್ತುವುದು ನಿಂತಿಲ್ಲ. ಮಳೆ ಕೈಕೊಟ್ಟ ವರ್ಷಗಳೇ ಹೆಚ್ಚಾದರೂ ದೀಪಾವಳಿ ಆಸುಪಾಸಿನಲ್ಲಿ ಹೊಸ ಕಾಯಿ ಮನೆಗೆ ಬಂದೇ ಬರುತ್ತದೆ.

ಶೇಂಗಾದಿಂದ ಎಣ್ಣೆ ತೆಗೆಯುವುದು ಈ ಊರಿಗೆ ಚೆನ್ನಾಗಿ ಗೊತ್ತು. ಚಾಕೊಲೇಟಿನೊಳಗೆ ಶೇಂಗಾ ತುಂಬಲು ಹೊರಟವರು ಕಲಿಯಬೇಕಾದ್ದು ಇದಕ್ಕೆ ತದ್ವಿರುದ್ಧವಾದ ಕೆಲಸ, ಎಣ್ಣೆಯನ್ನು ಬಿಟ್ಟುಕೊಡದೆ ಹಿಡಿದಿಡುವುದು. ಮೂರು ಚಳಿಗಾಲ ಮಾಡಿ, ಕೆಡಿಸಿ, ಮತ್ತೆ ಮಾಡಿ ನನಗೆ ದಕ್ಕಿದ್ದು ಈ ಒಂದು ಮಾತು. ಕೆಳಗೆ ಬರುವ ಅಳತೆ, ಉಷ್ಣಾಂಶ, ಎಚ್ಚರಿಕೆಗಳೆಲ್ಲ ಅದರ ಹಿಂದೆಯೇ ಬರುತ್ತವೆ.

ಮೊದಲ ವರ್ಷ ಮಾಡಿದ ಬಾರುಗಳನ್ನು ಮೊಳಕಾಲ್ಮೂರಿನ ಅತ್ತಿಗೆ ಮನೆಗೆ ಒಯ್ದಿದ್ದೆ. ಮಾಡಿದ ದಿನ ಕನ್ನಡಿಯಂತೆ ಹೊಳೆಯುತ್ತಿದ್ದವು. ಹತ್ತು ದಿನ ಬಿಟ್ಟು ಡಬ್ಬಿ ತೆಗೆದರೆ ಮೇಲೆಲ್ಲ ಬೂದಿ ಎರಚಿದ ಹಾಗೆ ಬಿಳುಪು. ಅತ್ತಿಗೆಯದು ರೇಷ್ಮೆ ಸೀರೆ ನೇಯುವ ಮನೆ. ಅಂಚಿನಲ್ಲಿ ಒಂದು ಎಳೆ ತಪ್ಪಿದರೂ ದೂರದಿಂದಲೇ ಹಿಡಿಯುವ ಕಣ್ಣು. ಬಾರನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. "ಬೂಷ್ಟು ಬಂದಂಗೈತಲ್ಲಮ್ಮ," ಎಂದರು. ಬೆರಳಿನಿಂದ ಒರೆಸಿದರೆ ಬಿಳುಪು ಹೋಯಿತು, ಬೆರಳಿಗೆ ಜಿಡ್ಡು ಬಂತು. "ಬೂಷ್ಟಲ್ಲ ಬಿಡು, ಎಣ್ಣೆ ಕಕ್ಕೈತೆ."

ಅವರು ಹೇಳಿದ್ದೇ ನಿಜ. ಶೇಂಗಾ ಬೀಜದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ. ಆ ಎಣ್ಣೆ ಚಳಿಗಾಲದಲ್ಲೂ ಗಟ್ಟಿಯಾಗುವುದಿಲ್ಲ. ಹೂರಣದಲ್ಲಿ ಅದು ಸಡಿಲವಾಗಿದ್ದರೆ ನಿಧಾನವಾಗಿ ಚಾಕೊಲೇಟಿನ ಕವಚದೊಳಕ್ಕೆ ಇಳಿಯುತ್ತದೆ. ಅಲ್ಲಿರುವ ಕೋಕೋ ಬೆಣ್ಣೆಯನ್ನು ಕರಗಿಸಿಕೊಂಡು ಮೇಲ್ಮೈಗೆ ತರುತ್ತದೆ. ಮೇಲೆ ಬಂದ ಕೋಕೋ ಬೆಣ್ಣೆ ಮತ್ತೆ ಹರಳುಗಟ್ಟಿದಾಗ ಕಾಣುವುದೇ ಆ ಬಿಳುಪು. ತಿಂದರೆ ಅಪಾಯವಿಲ್ಲ. ಆದರೆ ಕವಚ ಮೆತ್ತಗಾಗಿರುತ್ತದೆ, ಮುರಿದರೆ ಟಕ್ ಎನ್ನುವುದಿಲ್ಲ, ಬಾಯಲ್ಲಿ ಮಣ್ಣುಮಣ್ಣು ಅನಿಸುತ್ತದೆ.

ಹೋಳಿಗೆ ಮಾಡುವವರಿಗೆ ಇದು ಹೊಸ ವಿಷಯವೇನಲ್ಲ. ಹೂರಣ ಸಡಿಲವಾದರೆ ಕಣಕ ಹರಿಯುತ್ತದೆ. ಇಲ್ಲಿ ಚಾಕೊಲೇಟೇ ಕಣಕ, ಶೇಂಗಾ ಹೂರಣ. ಎರಡನ್ನೂ ಬೇರೆ ಬೇರೆಯಾಗಿ ಹದಕ್ಕೆ ತಂದು ಆಮೇಲೆ ಕೂಡಿಸಬೇಕು.

ಈ ಜೋಡಿ ಹೊಸದೂ ಅಲ್ಲ. ಶೇಂಗಾ, ಕೋಕೋ ಎರಡರ ತವರೂ ದಕ್ಷಿಣ ಅಮೆರಿಕ. ಬೇರೆ ಬೇರೆ ದಾರಿಯಲ್ಲಿ ನಮ್ಮ ನಾಡಿಗೆ ಬಂದವು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಚ್. ಬಿ. ರೀಸ್ ಎಂಬಾತ 1928ರಲ್ಲಿ ಶೇಂಗಾ ಬೆಣ್ಣೆ ತುಂಬಿದ ಚಾಕೊಲೇಟ್ ಬಟ್ಟಲುಗಳನ್ನು ಮಾಡಿ ಮಾರತೊಡಗಿದ. ಇಂದಿಗೂ ಅವು ಅಲ್ಲಿನ ಮಕ್ಕಳ ಅಚ್ಚುಮೆಚ್ಚು. ಅದಕ್ಕೂ ಹಿಂದೆ ಇಟಲಿಯ ಟ್ಯುರಿನ್ ನಗರದಲ್ಲಿ ತಮ್ಮ ಸೀಮೆಯಲ್ಲೇ ಬೆಳೆಯುವ ಹೇಜಲ್‌ನಟ್ ಬೀಜವನ್ನು ಹುರಿದು ಅರೆದು ಚಾಕೊಲೇಟಿಗೆ ಬೆರೆಸುವ ಪದ್ಧತಿ ಬೆಳೆಯಿತು. ಜಾಂಡೂಯಾ ಎನ್ನುವುದು ಆ ಮಿಶ್ರಣದ ಹೆಸರು. ನಮಗೆ ಬೇಕಾದ ಗುಟ್ಟು ಅದರಲ್ಲೇ ಇದೆ: ಬೀಜದ ಕ್ರೀಮಿನೊಳಗೂ ಒಂದಿಷ್ಟು ಚಾಕೊಲೇಟ್ ಸೇರಿಸುವುದು. ಹಾಗೆ ಸೇರಿದ ಕೋಕೋ ಬೆಣ್ಣೆ ಗಟ್ಟಿಯಾಗುವಾಗ ಸಡಿಲ ಎಣ್ಣೆಯನ್ನು ತನ್ನ ಹರಳುಗಳ ಸಂದಿಯಲ್ಲಿ ಕಟ್ಟಿಹಾಕುತ್ತದೆ.

ಕಾಳು ಆರಿಸುವುದರಿಂದ ಹೂರಣದವರೆಗೆ

ಆರು ಬಾರುಗಳ ಅಳತೆ ಕೊಡುತ್ತೇನೆ. ಹಸಿ ಶೇಂಗಾ ಬೀಜ 160 ಗ್ರಾಂ, ಸಕ್ಕರೆ 50 ಗ್ರಾಂ, ಹಾಲಿನ ಪುಡಿ 15 ಗ್ರಾಂ, ಮಿಲ್ಕ್ ಚಾಕೊಲೇಟ್ 100 ಗ್ರಾಂ, ಸಿಕ್ಕರೆ ಕೋಕೋ ಬೆಣ್ಣೆ 10 ಗ್ರಾಂ, ಎರಡು ಚಿಟಿಕೆ ಉಪ್ಪು. ಇದಿಷ್ಟು ಹೂರಣಕ್ಕೆ. ಕವಚಕ್ಕೆ 500 ಗ್ರಾಂ ಚಾಕೊಲೇಟ್ ಬೇಕು. ಅಷ್ಟೂ ಖರ್ಚಾಗುವುದಿಲ್ಲ, ಆದರೆ ಕಡಿಮೆ ಇಟ್ಟುಕೊಂಡರೆ ಹದ ಮಾಡುವುದು ಕಷ್ಟ. ಲೋಟ, ಚಮಚದ ಲೆಕ್ಕ ಇಲ್ಲಿ ನಡೆಯದು, ತೂಕದ ಸಣ್ಣ ಯಂತ್ರವೊಂದು ಬೇಕು.

ಬೀಜ ಆರಿಸುವುದಕ್ಕೆ ಆತುರ ಮಾಡಬೇಡಿ. ಬಿಳಿ ತಟ್ಟೆಯಲ್ಲಿ ಹರಡಿ ಸುಕ್ಕುಗಟ್ಟಿದ್ದು, ಬಣ್ಣ ಕೆಟ್ಟದ್ದು, ಹುಳು ಕೊರೆದದ್ದು, ಬೂಷ್ಟಿನ ಚುಕ್ಕೆ ಇರುವುದು ಎಲ್ಲವನ್ನೂ ತೆಗೆದು ಬಿಸಾಕಿ. ಸರಿಯಾಗಿ ಒಣಗದ ಶೇಂಗಾದಲ್ಲಿ ಬೆಳೆಯುವ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಯಕೃತ್ತಿಗೆ ಕೆಡುಕು, ಹುರಿದ ಮಾತ್ರಕ್ಕೆ ಪೂರ್ತಿ ಹೋಗುವುದಿಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದ ವರ್ಷ ಇನ್ನಷ್ಟು ಎಚ್ಚರ ಬೇಕು. ಕಣದಲ್ಲಿ ಚೆನ್ನಾಗಿ ಒಣಗಿದ ಕಾಯನ್ನು ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತದೆ. ಅಂಥದ್ದನ್ನು ಸಿಪ್ಪೆಯ ಸಮೇತ ಕೊಂಡು ಮನೆಯಲ್ಲೇ ಸುಲಿಯುವುದು ನನಗೆ ಸರಿ ಕಂಡ ಕ್ರಮ.

ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಹುರಿಯಿರಿ. ಚಟಪಟ ಸದ್ದು ಶುರುವಾದ ಮೇಲೆ ಕೈ ನಿಲ್ಲಬಾರದು. ಒಂದು ಬೀಜ ತೆಗೆದು ಎರಡು ಹೋಳು ಮಾಡಿ ನೋಡಿ. ಹೋಳಿನ ಒಳಮೈ ತಿಳಿ ಹೊನ್ನಿನ ಬಣ್ಣಕ್ಕೆ ಬರುತ್ತಿದ್ದಂತೆಯೇ ಇಳಿಸಿ ಅಗಲ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಆ ಕಾವಿಗೇ ಇನ್ನಷ್ಟು ಹುರಿದು ಕಹಿಯಾಗುತ್ತದೆ. ಚಟ್ನಿಪುಡಿಗೆ ಹುರಿಯುವುದಕ್ಕಿಂತ ತುಸು ಹೆಚ್ಚು, ಕಪ್ಪು ಚುಕ್ಕೆ ಬರುವುದಕ್ಕಿಂತ ಮೊದಲು, ಅದೇ ಹದ. ಆರಿದ ಮೇಲೆ ಒರಟು ಬಟ್ಟೆಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ. ಸಿಪ್ಪೆ ಉಳಿದರೆ ಹೂರಣ ಒಗರಾಗುತ್ತದೆ. ಇಷ್ಟಾದ ಮೇಲೆ ಸುಮಾರು 140 ಗ್ರಾಂ ಉಳಿಯುತ್ತದೆ.

ಮಿಕ್ಸಿಯ ಚಟ್ನಿ ಜಾರು ಚೂರೂ ತೇವವಿಲ್ಲದಂತೆ ಒಣಗಿರಬೇಕು. ಬೀಜ ಮೊದಲು ಪುಡಿಯಾಗುತ್ತದೆ, ಆಮೇಲೆ ಮುದ್ದೆಗಟ್ಟಿ ಜಾರಿನ ಬದಿಗೆ ಹತ್ತುತ್ತದೆ. ಇಲ್ಲಿ ಹಲವರು ಧೈರ್ಯಗೆಟ್ಟು ಒಂದು ಚಮಚ ನೀರು ಹಾಕುತ್ತಾರೆ. ಅಲ್ಲಿಗೆ ಮುಗಿಯಿತು, ಆ ಶೇಂಗಾ ಚಟ್ನಿಗೇ ಸರಿ. ಎಣ್ಣೆಯನ್ನೂ ಹಾಕಬೇಡಿ, ಬೇಡದಷ್ಟು ಎಣ್ಣೆ ಅದರೊಳಗೇ ಇದೆ. ಬದಿ ಕೆರೆದು ತಳಕ್ಕೆ ತಳ್ಳಿ, ಒಂದು ನಿಮಿಷ ತಿರುಗಿಸಿ, ಎರಡು ನಿಮಿಷ ಮಿಕ್ಸಿಗೆ ವಿಶ್ರಾಂತಿ ಕೊಟ್ಟು, ಮತ್ತೆ ತಿರುಗಿಸಿ. ಐದಾರು ಸಲ ಹೀಗೆ ಮಾಡಿದಾಗ ಮುದ್ದೆ ತಾನಾಗಿ ಸಡಿಲಗೊಂಡು, ದೋಸೆ ಹಿಟ್ಟಿನ ಹದಕ್ಕೆ ಬಂದು, ಚಮಚದಿಂದ ದಾರದಂತೆ ಇಳಿಯುತ್ತದೆ. ಗಿರಣಿಯಲ್ಲಿ ಒತ್ತಡ ಮಾಡುವ ಕೆಲಸವನ್ನು ಇಲ್ಲಿ ಬ್ಲೇಡು ಮಾಡಿರುತ್ತದೆ; ಎಣ್ಣೆ ಹೊರಬಂದರೂ ಹಿಂಡಿಯಿಂದ ಬೇರೆಯಾಗಿರುವುದಿಲ್ಲ, ಅಷ್ಟೆ.

ಇನ್ನೂ ನುಣುಪು ಬೇಕೆನ್ನುವವರು ಟೇಬಲ್ ಮೇಲಿಡುವ ಕಲ್ಲಿನ ಗ್ರೈಂಡರಿಗೆ ಹಾಕಬಹುದು. ಇಡ್ಲಿ ಹಿಟ್ಟು ರುಬ್ಬುವ ನಮ್ಮ ಈ ಯಂತ್ರವನ್ನೇ ಸ್ವಲ್ಪ ಬದಲಿಸಿಕೊಂಡು ಅಮೆರಿಕದ ಎಷ್ಟೋ ಸಣ್ಣ ಚಾಕೊಲೇಟ್ ತಯಾರಕರು ಕೋಕೋ ಅರೆಯುತ್ತಾರೆ. ತೊಳೆದ ಕಲ್ಲಾದರೆ ಎರಡು ದಿನ ಬಿಸಿಲಿಗಿಟ್ಟು ಒಣಗಿಸಿ ಬಳಸಿ.

ಸಕ್ಕರೆಯನ್ನು ಬೇರೆಯಾಗಿ ಬೀಸಿ ಜರಡಿ ಹಿಡಿದು, ಹಾಲಿನ ಪುಡಿ, ಉಪ್ಪಿನೊಂದಿಗೆ ಅರೆದ ಶೇಂಗಾಕ್ಕೆ ಬೆರೆಸಿ ಮತ್ತೊಂದು ಸುತ್ತು ತಿರುಗಿಸಿ. ಬೆಲ್ಲ ಯಾಕಾಗಬಾರದು ಎಂದು ನಾನೂ ಕೇಳಿಕೊಂಡಿದ್ದೆ. ಶೇಂಗಾ ಉಂಡೆ ತಿಂದು ಬೆಳೆದ ನಾಲಿಗೆಗೆ ಬೆಲ್ಲವೇ ಜೋಡಿ. ಆದರೆ ಬೆಲ್ಲದಲ್ಲಿ ತೇವ ಇರುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಎರಡು ಸಲ ಹಾಕಿ ನೋಡಿದೆ, ಎರಡು ಸಲವೂ ಹೂರಣ ಗಂಟುಗಟ್ಟಿತು. ಹಸಿ ಹಾಲು, ಕೆನೆ ಕೂಡ ಇದೇ ಕಾರಣಕ್ಕೆ ಬೇಡ, ಜೊತೆಗೆ ಅವು ಬೇಗ ಹಳಸುತ್ತವೆ. ನೀರಿಲ್ಲದ ಹೂರಣವಾದರೆ ತಂಪಿನಲ್ಲಿ ತಿಂಗಳು ನಿಲ್ಲುತ್ತದೆ.

ಕೊನೆಗೆ ಮಿಲ್ಕ್ ಚಾಕೊಲೇಟನ್ನೂ ಕೋಕೋ ಬೆಣ್ಣೆಯನ್ನೂ ಕರಗಿಸಿ ಈ ಕ್ರೀಮಿಗೆ ಸುರಿದು ಕಲಸಿ. ಎಣ್ಣೆಗೆ ಬೇಲಿ ಹಾಕುವ ಹೆಜ್ಜೆ ಇದೇ. ಆಗಾಗ ಕೈಯಾಡಿಸುತ್ತ 26–27 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವವರೆಗೆ ಆರಲು ಬಿಡಿ. ಆಗ ಅದು ಮೆತ್ತಗಿನ ಬೆಣ್ಣೆಯಂತೆ ಇರಬೇಕು. ಸುರಿಯಬಹುದು, ಆದರೆ ಹರಿದೋಡಬಾರದು.

ಚಾಕೊಲೇಟಿನ ಹದ

ಕೊಳ್ಳುವಾಗ ಹೊದಿಕೆಯ ಹಿಂಬದಿ ಓದಿ. ಕೊಬ್ಬಿನ ಜಾಗದಲ್ಲಿ ಕೋಕೋ ಬೆಣ್ಣೆ ಮಾತ್ರ ಇದ್ದರೆ ಅದು ನಿಜವಾದ ಚಾಕೊಲೇಟ್. ತಾಳೆ ಮೂಲದ ಕೊಬ್ಬೋ ಹೈಡ್ರೋಜನೀಕರಿಸಿದ ಸಸ್ಯಜನ್ಯ ಕೊಬ್ಬೋ ಇದ್ದರೆ ಅದನ್ನು ಅಂಗಡಿಯವರು ಕಾಂಪೌಂಡ್ ಎನ್ನುತ್ತಾರೆ. ಕೇಕ್ ಸಾಮಾನು ಮಾರುವ ಸಣ್ಣ ಊರಿನ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಎರಡನೆಯದೇ. ಮೊದಲನೆಯದಕ್ಕೆ ದಾವಣಗೆರೆಗೋ ಬೆಂಗಳೂರಿಗೋ ಹೇಳಿ ತರಿಸಬೇಕಾದೀತು.

ನಮ್ಮ ರಾಜ್ಯಕ್ಕೆ ಚಾಕೊಲೇಟ್ ಪರಕೀಯವಲ್ಲ ಎನ್ನುವುದನ್ನೂ ಇಲ್ಲಿ ನೆನೆಯಬೇಕು. ಕರಾವಳಿಯ ಅಡಿಕೆ ತೋಟಗಳ ನೆರಳಲ್ಲಿ ಕೋಕೋ ಬೆಳೆದ ರೈತರು ಕೊಳ್ಳುವವರಿಲ್ಲದೆ ಕಂಗಾಲಾದಾಗ ಅವರ ಕೈಹಿಡಿದದ್ದು 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರ ಸಂಸ್ಥೆ. 1986ರಲ್ಲಿ ಅದು ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಬೆಲೆ ಬಿದ್ದಾಗ ಬೆಳೆದ ಕಾಳನ್ನು ಏನು ಮಾಡುವುದೆಂಬ ಚಿಂತೆ ನಮ್ಮ ಕಡೆಯ ಶೇಂಗಾ ಬೆಳೆಗಾರರಿಗೂ ಗೊತ್ತಿರುವುದರಿಂದ ಪುತ್ತೂರಿನ ಆ ಕಾರ್ಖಾನೆಯ ಬಗ್ಗೆ ನನಗೆ ತುಂಬ ಗೌರವ.

ಕರಗಿಸಿ ಅಚ್ಚಿಗೆ ಸುರಿದರೆ ಮುಗಿಯಿತು ಎಂದುಕೊಂಡವರು ಮೋಸ ಹೋಗುತ್ತಾರೆ. ಕೋಕೋ ಬೆಣ್ಣೆ ಆರು ಬಗೆಯಲ್ಲಿ ಹರಳುಗಟ್ಟಬಲ್ಲದು. ಅದರಲ್ಲಿ ಐದನೆಯ ಬಗೆಯೇ ನಮಗೆ ಬೇಕಾದ್ದು: ಹೊಳಪು, ಮುರಿದರೆ ಟಕ್ ಎನ್ನುವ ಸದ್ದು, ಸುಮಾರು 34 ಡಿಗ್ರಿಗೆ ಬಾಯಲ್ಲಿ ಕರಗುವ ಗುಣ ಎಲ್ಲ ಅದರದ್ದು. ಉಳಿದ ಬಗೆಗಳು ಸೇರಿಕೊಂಡರೆ ಬಾರು ಮಂಕಾಗಿ, ಅಚ್ಚಿನಿಂದ ಬಿಡದೆ, ಬೆರಳು ತಾಗಿದರೆ ಕರಗುತ್ತದೆ. ಸರಿಯಾದ ಹರಳು ಮಾತ್ರ ಕಟ್ಟುವ ಹಾಗೆ ನೋಡಿಕೊಳ್ಳುವುದಕ್ಕೆ ಟೆಂಪರಿಂಗ್ ಎನ್ನುತ್ತಾರೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಇದಕ್ಕೂ ಹೆಪ್ಪು ಹಾಕಬಹುದು.

ಚಾಕೊಲೇಟನ್ನು ಸಣ್ಣಗೆ ಹೆಚ್ಚಿ, 350 ಗ್ರಾಂ ಒಂದು ಕಡೆ, 150 ಗ್ರಾಂ ಹೆಪ್ಪಿಗೆಂದು ಇನ್ನೊಂದು ಕಡೆ ಇಡಿ. ಪಾತ್ರೆಯಲ್ಲಿ ಎರಡು ಬೆರಳು ನೀರು ಕಾಯಿಸಿ ಒಲೆ ಆರಿಸಿ, ನೀರಿಗೆ ತಳ ತಾಗದ ಹಾಗೆ ಮೇಲೊಂದು ಒಣ ಬಟ್ಟಲು ಕೂರಿಸಿ ದೊಡ್ಡ ಪಾಲನ್ನು ಕರಗಿಸಿ. 45 ಡಿಗ್ರಿಗೆ ಬಂದರೆ ಸಾಕು. ಬಟ್ಟಲನ್ನು ಎತ್ತಿದ ಕೂಡಲೇ ತಳದ ಹಬೆ ನೀರನ್ನು ಒರೆಸಿಬಿಡಿ. ಒಂದು ಹನಿ ಒಳಗೆ ಬಿದ್ದರೂ ಅಷ್ಟೂ ಚಾಕೊಲೇಟ್ ರಾಗಿ ಮುದ್ದೆಯ ಹಾಗೆ ಬಿಗಿದುಕೊಳ್ಳುತ್ತದೆ, ನನಗೆ ಆಗಿದೆ. ಈಗ ಹೆಪ್ಪಿನ ಚೂರುಗಳನ್ನು ಹಿಡಿ ಹಿಡಿಯಾಗಿ ಹಾಕುತ್ತ, ತಳ ಮುಟ್ಟಿ ನಿಧಾನವಾಗಿ ಕಲಕುತ್ತ ಇರಿ. ಕಪ್ಪು ಚಾಕೊಲೇಟಾದರೆ 31–32 ಡಿಗ್ರಿ, ಮಿಲ್ಕ್ ಆದರೆ 29–30 ಡಿಗ್ರಿಗೆ ಇಳಿದಾಗ ಕೆಲಸಕ್ಕೆ ಸಿದ್ಧ. ಕರಗದೆ ಉಳಿದ ಚೂರುಗಳಿದ್ದರೆ ಎತ್ತಿಬಿಡಿ.

ಡಿಜಿಟಲ್ ಥರ್ಮಾಮೀಟರ್ ಇದ್ದರೆ ನೆಮ್ಮದಿ. ಇಲ್ಲದಿದ್ದರೆ ಒಂದು ಹನಿಯನ್ನು ಕೆಳತುಟಿಗೆ ಮುಟ್ಟಿಸಿ; ಬೆಚ್ಚಗೆ ಅನಿಸದೆ ತುಸು ತಣ್ಣಗೆ ಅನಿಸಬೇಕು. ಹೇಗಿದ್ದರೂ ಅಚ್ಚಿಗೆ ಸುರಿಯುವ ಮುಂಚೆ ಚಾಕುವಿನ ತುದಿಯನ್ನು ಅದ್ದಿ ಪಕ್ಕಕ್ಕಿಡಿ. ಐದು ನಿಮಿಷದೊಳಗೆ ಹೊಳಪಿನಿಂದ ಗಟ್ಟಿಯಾದರೆ ಹದ ಬಂದಿದೆ. ಒದ್ದೆಯಾಗೇ ಉಳಿದರೆ, ಇಲ್ಲವೇ ಗೆರೆಗೆರೆಯಾಗಿ ಬೆಳ್ಳಗಾದರೆ ಇನ್ನೊಂದು ಹಿಡಿ ಹೆಪ್ಪು ಹಾಕಿ ಕಲಕಿ. ಕೆಟ್ಟರೂ ಚಿಂತೆಯಿಲ್ಲ, ಮತ್ತೆ 45ಕ್ಕೆ ಕಾಯಿಸಿ ಮೊದಲಿನಿಂದ ಶುರು ಮಾಡಬಹುದು. ಚಾಕೊಲೇಟ್ ಎಷ್ಟು ಸಲವಾದರೂ ಕ್ಷಮಿಸುತ್ತದೆ, ನೀರೊಂದನ್ನು ಬಿಟ್ಟು.

ಅಚ್ಚಿಗೆ

ಪಾಲಿಕಾರ್ಬೊನೇಟಿನ ಗಟ್ಟಿ ಅಚ್ಚು ಸಿಕ್ಕರೆ ಹೊಳಪು ಚೆನ್ನಾಗಿ ಬರುತ್ತದೆ. ಅದರ ಒಳಮೈಯನ್ನು ಹತ್ತಿಯಿಂದ ಉಜ್ಜಿ. ಪ್ರತಿ ಗುಳಿಗೂ ಚಾಕೊಲೇಟನ್ನು ತುಂಬ ಸುರಿದು, ಅಚ್ಚನ್ನು ಕಟ್ಟೆಗೆ ಮೆಲ್ಲಗೆ ಬಡಿದು ಗಾಳಿಗುಳ್ಳೆ ಬಿಡಿಸಿ, ಒಂದು ನಿಮಿಷ ಬಿಟ್ಟು ಬಟ್ಟಲಿನ ಮೇಲೆ ಬೋರಲು ಹಾಕಿ. ಹೆಚ್ಚಾದದ್ದೆಲ್ಲ ಸೋರಿ ಎರಡು ಮಿಲಿಮೀಟರ್ ದಪ್ಪದ ಕವಚ ಒಳಗೆ ಉಳಿಯುತ್ತದೆ. ದೋಸೆ ಮಗುಚುವ ಕೈಯಿಂದ ಅಚ್ಚಿನ ಮೇಲ್ಭಾಗವನ್ನು ಒಂದೇ ಎಳೆತದಲ್ಲಿ ಕೆರೆಯಿರಿ. ಅತ್ತಿಗೆ ಇದನ್ನು ಮೊದಲ ಸಲಕ್ಕೇ ನನಗಿಂತ ಅಚ್ಚುಕಟ್ಟಾಗಿ ಮಾಡಿದರು. ಅಂಚು ನೇರವಾಗಿ ಉಳಿಯಬೇಕೆಂದು ಮಗ್ಗದವರಿಗೆ ಹೇಳಿಕೊಡಬೇಕೇ?

ಕವಚ ಗಟ್ಟಿಯಾದ ಮೇಲೆ ಹೂರಣ ತುಂಬಿ, ಮೇಲೆ ಎರಡು ಮಿಲಿಮೀಟರ್ ಜಾಗ ಬಿಡಿ. ಕಂಠಪೂರ್ತಿ ತುಂಬುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ತುಂಬಿದ ಬಾರು ಮುಚ್ಚುವುದಿಲ್ಲ, ಸಂದಿಯಿಂದ ಎಣ್ಣೆ ಜಿನುಗುತ್ತದೆ. ಹೂರಣ ಬಿಗಿಯಲು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಉಳಿದ ಚಾಕೊಲೇಟ್ ತಣ್ಣಗಾಗಿದ್ದರೆ ಮತ್ತೆ ಹದಕ್ಕೆ ತಂದು ಮೇಲ್ಮುಚ್ಚಳ ಸುರಿದು ಕೆರೆಯಿರಿ. ಫ್ರಿಜ್ಜಿನಲ್ಲಿ ಹದಿನೈದಿಪ್ಪತ್ತು ನಿಮಿಷ ಇಟ್ಟು ಅಚ್ಚನ್ನು ಕೆಳಗಿನಿಂದ ನೋಡಿ. ಪಾರದರ್ಶಕ ಪ್ಲಾಸ್ಟಿಕ್ಕಿಗೂ ಚಾಕೊಲೇಟಿಗೂ ನಡುವೆ ಬೂದು ಮಬ್ಬು ಕಂಡರೆ ಬಾರು ಅಚ್ಚಿನಿಂದ ಬಿಟ್ಟುಕೊಂಡಿದೆ ಎಂದರ್ಥ. ಬಟ್ಟೆಯ ಮೇಲೆ ಮಗುಚಿ ಒಂದು ಸಲ ತಟ್ಟಿದರೆ ಆರೂ ಉದುರುತ್ತವೆ.

ಬಿಸಿಲ ನಾಡಿನ ಲೆಕ್ಕ

ಪುಸ್ತಕಗಳು ಹೇಳುವ 20 ಡಿಗ್ರಿಯ ಕೋಣೆ ನಮಗೆ ವರ್ಷದಲ್ಲಿ ಎರಡೇ ತಿಂಗಳು ಸಿಗುವುದು. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಐದೂವರೆಗೆ ಎದ್ದು ಒಂಬತ್ತರೊಳಗೆ ಕೆಲಸ ಮುಗಿಸಿ. ಹೊಸ ಶೇಂಗಾ ಬಂದಿರುವುದೂ ಆಗಲೇ ಆದ್ದರಿಂದ ರುಚಿಗೂ ಅದೇ ಸರಿಯಾದ ಕಾಲ. ಶಿವರಾತ್ರಿ ಕಳೆದ ಮೇಲೆ ಮೊಳಕಾಲ್ಮೂರಿನ ಬಂಡೆಗುಡ್ಡಗಳು ಕಾದು ರಾತ್ರಿಯೂ ಮನೆಗೆ ಬಿಸಿ ಉಗುಳುವಾಗ ಕೋಕೋ ಬೆಣ್ಣೆಯ ಬಾರು ನಿಲ್ಲುವುದಿಲ್ಲ.

ಬೇಸಿಗೆಯಲ್ಲಿ ಮಗುವಿನ ಹುಟ್ಟುಹಬ್ಬಕ್ಕೆ ಮಾಡಲೇಬೇಕೆಂದರೆ ಕಾಂಪೌಂಡ್ ಬಳಸಿ. ಅದಕ್ಕೆ ಹೆಪ್ಪು ಬೇಡ, ಹೆಚ್ಚಿನ ಬಿಸಿ ತಡೆಯುತ್ತದೆ, ರುಚಿಯಲ್ಲಿ ಮಾತ್ರ ಒಂದು ಮೆಟ್ಟಿಲು ಕೆಳಗೆ. ಬಾಯಲ್ಲಿ ಮೇಣದಂಥ ಪದರ ಉಳಿಯುತ್ತದೆ. ಆಗ ಹೂರಣಕ್ಕೂ ಕಾಂಪೌಂಡನ್ನೇ ಹಾಕಿ, ಕೋಕೋ ಬೆಣ್ಣೆ ಬಿಟ್ಟುಬಿಡಿ. ಆ ಎರಡು ಕೊಬ್ಬು ಬೆರೆತರೆ ಎರಡಕ್ಕಿಂತಲೂ ಮೆತ್ತಗಿನ ಮೂರನೆಯದೊಂದು ಆಗುತ್ತದೆ.

ಬಾರುಗಳನ್ನು ಬೆಣ್ಣೆ ಕಾಗದದಲ್ಲಿ ಸುತ್ತಿ ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಕಡೆ ಇಡಿ. ಫ್ರಿಜ್ಜಿನಲ್ಲಿಟ್ಟರೆ, ತಿನ್ನುವ ಒಂದು ಗಂಟೆ ಮುಂಚೆ ಹೊರಗೆ ತೆಗೆದು, ಡಬ್ಬಿಯ ಮುಚ್ಚಳ ತೆರೆಯದೆ ಹಾಗೇ ಬಿಡಿ. ಅವಸರಕ್ಕೆ ತೆರೆದರೆ ಬಾರಿನ ಮೇಲೆ ನೀರ ಹನಿ ಕೂತು, ಸಕ್ಕರೆ ಕರಗಿ, ಒಣಗಿದಾಗ ಒರಟು ಬಿಳಿ ಪದರವಾಗುತ್ತದೆ. ಒರೆಸಿದರೆ ಹೋಗದ ಬಿಳುಪು ಇದು. ತಿಂಗಳು ದಾಟಿದರೆ ಮೊದಲು ಮೂಸಿ ನೋಡಿ. ಕಮಟು ವಾಸನೆ ಬಂದಿದ್ದರೆ ಶೇಂಗಾ ಎಣ್ಣೆ ಕೆಟ್ಟಿದೆ.

ಯಾರಿಗೇ ಕೊಡುವಾಗಲೂ ಒಳಗೆ ಶೇಂಗಾ ಇದೆ ಎಂದು ಬಾಯಿಬಿಟ್ಟು ಹೇಳಿ. ಶೇಂಗಾ ಒಗ್ಗದವರಿಗೆ ಚೂರು ತಿಂದರೂ ಉಸಿರು ಕಟ್ಟುವ ಅಪಾಯವಿದೆ, ಕಪ್ಪು ಕವಚದೊಳಗೆ ಅದು ಕಣ್ಣಿಗೆ ಬೀಳುವುದಿಲ್ಲ. ಸ್ವಸಹಾಯ ಸಂಘದ ಮೂಲಕವೋ ಮನೆಯಿಂದಲೋ ಮಾರುವ ಯೋಚನೆ ಇದ್ದವರು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಂಡು, ತಯಾರಿಸಿದ ದಿನಾಂಕದ ಜೊತೆಗೆ ಈ ಎಚ್ಚರಿಕೆಯನ್ನೂ ಚೀಟಿಯ ಮೇಲೆ ಕನ್ನಡದಲ್ಲೂ ಬರೆಯಲಿ.

ಮೂರನೆಯ ವರ್ಷ ಮತ್ತೆ ಮೊಳಕಾಲ್ಮೂರಿಗೆ ಒಯ್ದೆ. ಬೇಕೆಂದೇ ಮೂರು ವಾರ ಇಟ್ಟು ತೆಗೆದುಕೊಂಡು ಹೋಗಿದ್ದೆ. ಅತ್ತಿಗೆ ಹಿಂದಿನಂತೆಯೇ ಕಿಟಕಿಗೆ ಹಿಡಿದು, ಬೆರಳಿನಿಂದ ಒರೆಸಿ, ಬೆರಳನ್ನು ನೋಡಿಕೊಂಡರು. ಜಿಡ್ಡಿರಲಿಲ್ಲ. ಆಮೇಲೆ ಮುರಿದರು, ಮಗ್ಗದ ಕೋಣೆಯಲ್ಲಿದ್ದ ಅಣ್ಣನಿಗೂ ಆ ಸದ್ದು ಕೇಳಿಸಿತು. ಅಚ್ಚು ಕೆರೆದಾಗ ಉಳಿದ ಚೂರುಗಳನ್ನೂ ಒಂದು ಡಬ್ಬಿಯಲ್ಲಿ ಒಯ್ದಿದ್ದೆ. ಮಕ್ಕಳು ಅದನ್ನು ಬಿಸಿ ಹಾಲಿಗೆ ಹಾಕಿಕೊಂಡು ಕುಡಿದರು. ಮಿಕ್ಕ ಹೂರಣವನ್ನು ಅತ್ತಿಗೆ ಬಿಸಿ ಜೋಳದ ರೊಟ್ಟಿಗೆ ಸವರಿ ತಿಂದರು, ಇನ್ನೊಂದು ರೊಟ್ಟಿಗೂ ಸವರಿಕೊಂಡರು.